ಮೊದಲ ಅಂಕಿ ನೋಡಿ, ಆಮೇಲೆ ರಿಫ್ರೆಶ್ ಒತ್ತಿ

ಫಲಿತಾಂಶದ ದಿನ ಬಾಗಲಕೋಟೆಯ ನವನಗರದಲ್ಲಿ ಯಾವ ಸೈಬರ್ ಸೆಂಟರ್‌ಗೆ ಹೋದರೂ ಒಂದೇ ಮಾತು: ‘ಸರ್ವರ್ ಡೌನ್ ಐತ್ರಿ.’ ಜಮೀನಿನ ಉತಾರ ತೆಗೆಸಲು ಬಂದ ರೈತರಿಗೂ ಅದೇ ಉತ್ತರ, ವಿದ್ಯಾರ್ಥಿವೇತನದ ಅರ್ಜಿ ಹಾಕಲು ಬಂದ ಹುಡುಗಿಗೂ ಅದೇ. ಆದರೆ ಪರದೆಯ ಮೇಲಿನ ಮೂರಂಕಿ ಸಂಖ್ಯೆ ಬೇರೆಯೇ ಹೇಳುತ್ತಿರಬಹುದು. ಅದರ ಮೊದಲ ಅಂಕಿ ನೋಡಿದರೆ ಅರ್ಧ ಗೊಂದಲ ಕಳೆಯುತ್ತದೆ. 4 ಇದ್ದರೆ, ಸಾಮಾನ್ಯವಾಗಿ ನಾವು ಕೇಳಿದ್ದರಲ್ಲಿ ಏನೋ ತೊಡಕು. 5 ಇದ್ದರೆ, ಉತ್ತರ ಕೊಡಬೇಕಾದ ಕಡೆಯೇ ತೊಂದರೆ.

ನಮ್ಮ ಬ್ರೌಸರ್ ಮತ್ತು ಸರ್ವರ್, ಅಂದರೆ ಸೈಟಿನ ಪುಟಗಳನ್ನು ಕಳಿಸುವ ಆ ಕಡೆಯ ಕಂಪ್ಯೂಟರ್, ಮಾತಾಡಿಕೊಳ್ಳುವ ನಿಯಮಕ್ಕೆ ಎಚ್‌ಟಿಟಿಪಿ ಅಂತ ಹೆಸರು. 1996ರಲ್ಲಿ ಪ್ರಕಟವಾದ ಅದರ 1.0 ಆವೃತ್ತಿಯಲ್ಲೇ 404, 500, 503 ಎಲ್ಲ ಇದ್ದವು. ಪುಟ ಸರಿಯಾಗಿ ತೆರೆದಾಗಲೂ 200 ಅನ್ನುವ ಸಂಖ್ಯೆ ಬಂದಿರುತ್ತದೆ, ನಮಗೆ ಕಾಣುವುದಿಲ್ಲ ಅಷ್ಟೇ.

404 ಬಂತು ಅಂದರೆ ಸರ್ವರ್ ಎಚ್ಚರವಾಗಿಯೇ ಇದೆ, ನೀವು ಕೇಳಿದ ಪುಟ ಮಾತ್ರ ಅಲ್ಲಿ ಸಿಗುತ್ತಿಲ್ಲ. ವಾಟ್ಸ್ಆ್ಯಪ್‌ನಲ್ಲಿ ಸುತ್ತಾಡುವ ಹಳೇ ಲಿಂಕ್‌ಗಳ ಪಾಡು ಬಹಳಷ್ಟು ಸಲ ಇದೇ. ಸುಮ್ನೆ ಮುಖಪುಟಕ್ಕೆ ಹೋಗಿ ಅಲ್ಲಿಂದ ಹುಡುಕಿ. 401ಕ್ಕೆ ಮತ್ತೆ ಲಾಗಿನ್ ಆಗಬೇಕು. 403 ಅಂದರೆ ಒಳಗೆ ಬಿಡುತ್ತಿಲ್ಲ. ನಾವು ಬೇರೆ ಕಡೆಯಿಂದ ಬಂದಂತೆ ಸೈಟಿಗೆ ತೋರಿಸುವ ವಿಪಿಎನ್ ಆನ್ ಇದ್ದರೆ ಆಫ್ ಮಾಡಿ ನೋಡಿ. 429 ಬಂದರೆ ತುಂಬಾ ಸಲ ಕೇಳಿದ್ದಾಯ್ತು ಅಂತ ಅರ್ಥ. ಸೈಬರ್ ಸೆಂಟರ್‌ನಲ್ಲಿ ಎಲ್ಲ ಕಂಪ್ಯೂಟರ್‌ಗಳೂ ಒಂದೇ ಸಂಪರ್ಕದಲ್ಲಿರುವುದರಿಂದ, ಹೊರಗಿನ ಸರ್ವರ್‌ಗೆ ಒಬ್ಬನೇ ಪದೇ ಪದೇ ಕೇಳಿದಂತೆ ಕಾಣಬಹುದು. ಸ್ವಲ್ಪ ಹೊತ್ತು ಬಿಟ್ಟು ನೋಡಿ.

5ರಿಂದ ಶುರುವಾದರೆ ನಿಮ್ಮ ಫೋನನ್ನು ಬೈಯಬೇಡಿ. 500 ಅಂದರೆ ಅಲ್ಲಿನ ಪ್ರೋಗ್ರಾಂ ಎಲ್ಲೋ ಕೈಕೊಟ್ಟಿದೆ. 503 ಅಂದರೆ ರಶ್ ಜಾಸ್ತಿ, ಇಲ್ಲವೇ ರಿಪೇರಿ ನಡೆದಿದೆ. ಆಗ ಎಲ್ಲರೂ ರಿಫ್ರೆಶ್ ಒತ್ತಿದಷ್ಟೂ ಸರ್ವರ್ ಮೇಲೆ ಹೊರೆ ಏರುತ್ತದೆ.

ನಿಜವಾಗಿ ಹುಷಾರಾಗಿರಬೇಕಾದದ್ದು 504ರ ವಿಷಯದಲ್ಲಿ. ದೊಡ್ಡ ಸೈಟುಗಳಲ್ಲಿ ನಮ್ಮ ಜೊತೆ ಮಾತಾಡುವ ಸರ್ವರ್ ಒಂದು, ಹಿಂದೆ ಕೆಲಸ ಮಾಡುವ ಸರ್ವರ್ ಇನ್ನೊಂದು. ಖಾನಾವಳಿಯಲ್ಲಿ ಬಡಿಸುವ ಹುಡುಗ ಒಳಗೆ ಹೇಳಿ, ಕಾದು ಸಾಕಾಗಿ ‘ರೊಟ್ಟಿ ಬರಲಿಲ್ಲರಿ’ ಅಂದ ಹಾಗೆ ಇದು. ಒಳಗೆ ರೊಟ್ಟಿ ಬಡಿಯುತ್ತಲೇ ಇರಬಹುದು, ಅಲ್ವಾ? ಹಿಂದಿನ ಸರ್ವರ್‌ನಿಂದ ಹೊತ್ತಿಗೆ ಸರಿಯಾಗಿ ಉತ್ತರ ಬಂದಿಲ್ಲ ಅನ್ನುವುದಷ್ಟೇ 504ರ ಅರ್ಥ. ಕೆಲಸ ಆಗಿಲ್ಲ ಅಂತ ಅಲ್ಲ! ಪರೀಕ್ಷಾ ಶುಲ್ಕ ಕಟ್ಟುವಾಗ ಇದು ಬಂದರೆ ತಕ್ಷಣ ಮತ್ತೆ ಹಣ ಕಟ್ಟಬೇಡಿ. ಬ್ಯಾಂಕಿನ ಮೆಸೇಜ್ ನೋಡಿ, ಖಾತೆಯ ವಿವರ ನೋಡಿ, ಲಾಗಿನ್ ಆಗಿ ಅರ್ಜಿ ಯಾವ ಹಂತದಲ್ಲಿದೆ ಅಂತ ನೋಡಿ. ಕೂಲಿ ದುಡ್ಡಿನಲ್ಲಿ ಫೀ ಕಟ್ಟುವ ಮನೆಗೆ ಎರಡು ಸಲ ಹಣ ಕಡಿತವಾಗುವುದು ಸಣ್ಣ ವಿಷಯವಲ್ಲ.

ಕೆಲವು ಸಲ ಸಂಖ್ಯೆಯೇ ಬರುವುದಿಲ್ಲ, ‘ಸಂಪರ್ಕ ಸುರಕ್ಷಿತವಲ್ಲ’ ಅನ್ನುವ ಎಚ್ಚರಿಕೆ ಬರುತ್ತದೆ. ಹಳೇ ಕಂಪ್ಯೂಟರ್ ಆದರೆ ಮೊದಲು ಮೂಲೆಯಲ್ಲಿರುವ ದಿನಾಂಕ ನೋಡಿ. ಒಳಗಿನ ನಾಣ್ಯದಂಥ ಸೆಲ್ ಮುಗಿದಿದ್ದರೆ, ಕರೆಂಟ್ ಹೋಗಿ ಬಂದಾಗ ಗಡಿಯಾರ ಎಷ್ಟೋ ವರ್ಷ ಹಿಂದಕ್ಕೆ ಹೋಗಿರುತ್ತದೆ. ಸೈಟಿನ ಸುರಕ್ಷತಾ ಸರ್ಟಿಫಿಕೇಟ್‌ಗೆ ಇಂಥ ದಿನದಿಂದ ಇಂಥ ದಿನದವರೆಗೆ ಅಂತ ಅವಧಿ ಇರುತ್ತದೆ. ಗಡಿಯಾರದ ದಿನಾಂಕ ಆ ಅವಧಿಯ ಹೊರಗಿದ್ದರೆ ಬ್ರೌಸರ್ ಅದನ್ನು ಒಪ್ಪುವುದಿಲ್ಲ. ದಿನಾಂಕ ಸರಿ ಮಾಡಿದರೆ ಪುಟ ತೆರೆಯುತ್ತದೆ. ದಿನಾಂಕ ಸರಿಯಿದ್ದೂ ಎಚ್ಚರಿಕೆ ಹೋಗದಿದ್ದರೆ ಅಲ್ಲಿ ಪಾಸ್‌ವರ್ಡ್ ಹಾಕಬೇಡಿ, ಒಟಿಪಿಯಂತೂ ಬೇಡವೇ ಬೇಡ.