ಸ್ಟೂಡೆಂಟ್ ಜಾಬ್: ಹೆಸರು ಯಾವುದು, ಸಂಬಳ ಯಾವುದಕ್ಕೆ?

ಅಮೆರಿಕದಲ್ಲಿ ಓದುವಾಗ ನಾನು ಯೂನಿವರ್ಸಿಟಿ ಲೈಬ್ರರಿಯ ಕೌಂಟರಿನಲ್ಲಿ ಕೆಲಸ ಮಾಡುತ್ತಿದ್ದೆ. ಪುಸ್ತಕ ಕೊಡುವುದು, ವಾಪಸ್ ಬಂದದ್ದನ್ನು ಸ್ಕ್ಯಾನ್ ಮಾಡುವುದು, ಪ್ರಿಂಟರಿನಲ್ಲಿ ಕಾಗದ ಸಿಕ್ಕಿಕೊಂಡರೆ ಎಳೆದು ತೆಗೆಯುವುದು. ಪಕ್ಕದ ಕುರ್ಚಿಯವಳದ್ದೂ ಇದೇ ಕೆಲಸ. ನನ್ನ ಟೈಟಲ್ 'ಸ್ಟೂಡೆಂಟ್ ಅಸಿಸ್ಟೆಂಟ್'. ಅವಳದ್ದು 'ಸರ್ಕ್ಯುಲೇಷನ್ ಸ್ಪೆಷಲಿಸ್ಟ್'. ಗಂಟೆಗೆ ಒಂದೂಕಾಲು ಡಾಲರ್ ಅವಳಿಗೆ ಜಾಸ್ತಿ. ಯಾಕೆ ಅಂತ ಕೇಳಿದೆ. "ಅವಳನ್ನು ಸೇರಿಸಿಕೊಂಡಾಗ ಇದ್ದ ಮ್ಯಾನೇಜರ್ ಹಾಗೆ ಬರೆದಿದ್ದರು" ಅಂದರು. ಅಷ್ಟೇ ಉತ್ತರ.

ಮುಂದೆ ಎಚ್‌ಆರ್ ಕೋರ್ಸಿನಲ್ಲಿ ಸಂಬಳ ನಿಗದಿ ಮಾಡುವ ಪಾಠ ಬಂದಾಗಲೆಲ್ಲ ಈ ಕೌಂಟರೇ ಕಣ್ಣ ಮುಂದೆ ಬರುತ್ತಿತ್ತು. ಪಾಠದ ತಿರುಳು ಸಣ್ಣದು. ಹೆಸರಾಗಲಿ ಸಂಬಳವಾಗಲಿ ಕುರ್ಚಿಗೆ ಅಂಟಿರಬೇಕು, ಅದರಲ್ಲಿ ಕೂತವರಿಗಲ್ಲ. ಕೇಳಲು ಸುಲಭ. ಮಾಡಲು ಹೋದರೆ ಎಲ್ಲೆಲ್ಲಿ ತಪ್ಪುತ್ತದೆ ಅನ್ನುವುದೇ ಈ ಟಿಪ್ಪಣಿ.

ಎರಡು ಹೆಸರು

ಮನೆಯಲ್ಲಿ ಪುಟ್ಟಿ, ಶಾಲೆಯ ಹಾಜರಿಯಲ್ಲಿ ಪೂರ್ಣಿಮಾ. ಸ್ಟೂಡೆಂಟ್ ಜಾಬಿಗೂ ಹೀಗೆ ಎರಡು ಹೆಸರು ಇರುತ್ತವೆ. ಒಂದು ಪೇರೋಲಿನಲ್ಲಿ, ಅಂದರೆ ಸಂಬಳದ ಲೆಕ್ಕದ ಪಟ್ಟಿಯಲ್ಲಿರುವುದು. ಇನ್ನೊಂದು ಜಾಹೀರಾತಿನಲ್ಲಿ, ರೆಸ್ಯೂಮೆಯಲ್ಲಿ ಹಾಕಿಕೊಳ್ಳುವುದು.

ಪೇರೋಲ್ ಹೆಸರುಗಳು ಕಡಿಮೆ ಇದ್ದಷ್ಟೂ ಒಳ್ಳೆಯದು. ಕ್ಯಾಲಿಫೋರ್ನಿಯಾ ಯೂನಿವರ್ಸಿಟಿಯ ಪೇರೋಲಿನಲ್ಲಿ ಒಂದು ಕಾಲಕ್ಕೆ 'ಬ್ಲ್ಯಾಂಕ್ ಅಸಿಸ್ಟೆಂಟ್' ಅನ್ನುವ ಟೈಟಲ್ ಇತ್ತು. ಬ್ಲ್ಯಾಂಕ್ ಅಂದರೆ ಖಾಲಿ ಜಾಗ. ಲೈಬ್ರರಿಯವರು ಅಲ್ಲಿ ಲೈಬ್ರರಿ ಅಂತ ತುಂಬಿಕೊಳ್ಳಬೇಕು, ಲ್ಯಾಬಿನವರು ಲ್ಯಾಬ್ ಅಂತ. ಮುಂದೆ ಮಟ್ಟದ ಸಂಖ್ಯೆ. ಮೊದಲ ಸಲ ನೋಡಿದಾಗ ಯಾರೋ ಫಾರ್ಮ್ ಅರ್ಧಕ್ಕೇ ಬಿಟ್ಟಿದ್ದಾರೆ ಅಂದುಕೊಂಡೆ. ಆಮೇಲೆ ಅದರ ಜಾಣತನ ಗೊತ್ತಾಯಿತು. ಸಂಬಳ ತೀರ್ಮಾನ ಮಾಡುವುದು ಆ ಸಂಖ್ಯೆ, ತುಂಬಿದ ಪದವಲ್ಲ. ಹಾಗಾಗಿ ಯಾವ ವಿಭಾಗದವರೂ 'ಸ್ಪೆಷಲಿಸ್ಟ್' ಅಂತ ಬರೆದು ಸುಮ್ನೆ ಒಂದು ಡಾಲರ್ ಏರಿಸಲು ಆಗುವುದಿಲ್ಲ. ನಮ್ಮ ಕೌಂಟರಿನಲ್ಲಿ ಎಡವಿದ್ದು ಇಲ್ಲೇ. ಕರೆಯುವ ಹೆಸರು ಹೋಗಿ ಪೇರೋಲಿನಲ್ಲಿ ಕೂತುಬಿಟ್ಟಿತ್ತು.

ಇನ್ನೊಂದು ತಮಾಷೆ. 'ಆರ್‌ಎ' ಅಂದರೆ ಯಾರು? ರಿಸರ್ಚ್ ಅಸಿಸ್ಟೆಂಟೂ ಆರ್‌ಎ, ಹಾಸ್ಟೆಲ್ ನೋಡಿಕೊಳ್ಳುವ ರೆಸಿಡೆಂಟ್ ಅಸಿಸ್ಟೆಂಟೂ ಆರ್‌ಎ. ಮೊದಲನೆಯವರಿಗೆ ಸ್ಟೈಪೆಂಡ್ ಬರುತ್ತದೆ, ಎಷ್ಟೋ ಕಡೆ ಟ್ಯೂಷನ್ ವೇವರ್ (ಫೀಸು ಮಾಫಿ) ಕೂಡ. ಎರಡನೆಯವರಿಗೆ ಹೆಚ್ಚಾಗಿ ರೂಮು, ಊಟದಲ್ಲಿ ರಿಯಾಯಿತಿ. ಹೊಸದಾಗಿ ಹೋದವರು ನೋಟಿಸ್ ಬೋರ್ಡಿನಲ್ಲಿ 'ಆರ್‌ಎ ಬೇಕಾಗಿದ್ದಾರೆ' ಅಂತ ಓದಿ ಪ್ರೊಫೆಸರಿಗೆ ಮೇಲ್ ಹಾಕುವುದುಂಟು.

ಮಟ್ಟ ಹೇಗೆ ಹಾಕುವುದು

ಇಲ್ಲಿ ಅಳತೆಗೋಲು ಬೇಕು. ಅಮೆರಿಕದ 1963ರ ಸಮಾನ ವೇತನ ಕಾನೂನು ಹೆಂಗಸರು, ಗಂಡಸರ ಸಂಬಳದ ವ್ಯತ್ಯಾಸ ತಡೆಯಲು ಬಂದದ್ದು. ಎರಡು ಕೆಲಸ ಸಮಾನವೋ ಅಲ್ಲವೋ ಅಂತ ನೋಡಲು ಅದು ನಾಲ್ಕು ವಿಷಯ ಹೇಳುತ್ತದೆ: ಕೌಶಲ, ಶ್ರಮ, ಜವಾಬ್ದಾರಿ, ಕೆಲಸದ ಪರಿಸ್ಥಿತಿ. ಸ್ಟೂಡೆಂಟ್ ಜಾಬಿಗೂ ಇದೇ ಗೋಲು ಚೆನ್ನಾಗಿ ಒಪ್ಪುತ್ತದೆ.

ಡೈನಿಂಗ್ ಹಾಲನ್ನೇ ತೆಗೆದುಕೊಳ್ಳಿ. ತಟ್ಟೆ ತೊಳೆಯುವವನ ಶ್ರಮ ಜಾಸ್ತಿ, ಬಿಸಿನೀರಿನ ಹಬೆಯಲ್ಲಿ ನಿಂತಿರುತ್ತಾನೆ. ಬಾಗಿಲಲ್ಲಿ ಐಡಿ ಕಾರ್ಡ್ ಸ್ವೈಪ್ ಮಾಡುವವನಿಗೆ ಕುರ್ಚಿ ಇದೆ, ನಡುನಡುವೆ ಹೋಮ್‌ವರ್ಕ್ ಕೂಡ ಮುಗಿಯುತ್ತದೆ. ಶಿಫ್ಟ್ ಲೀಡ್ ಆದವಳು ಹತ್ತು ಜನರನ್ನು ನೋಡಿಕೊಳ್ಳಬೇಕು, ರಾತ್ರಿ ಬೀಗ ಹಾಕಿ ಹೋಗಬೇಕು. ಬಹಳಷ್ಟು ಪಟ್ಟಿಗಳಲ್ಲಿ ತೊಳೆಯುವವನೂ ಸ್ವೈಪ್ ಮಾಡುವವನೂ ಮಟ್ಟ 1ರಲ್ಲೇ ಬೀಳುತ್ತಾರೆ, ಯಾಕೆಂದರೆ ಬರೆಯುವವರು ಕೌಶಲ ಒಂದನ್ನೇ ನೋಡಿರುತ್ತಾರೆ. ನನಗೆ ಇದು ಸರಿ ಕಾಣುವುದಿಲ್ಲ. ಸ್ವೈಪ್ ಮಾಡುವ ಕೆಲಸಕ್ಕೆ ನೂರು ಅರ್ಜಿ, ತೊಳೆಯುವ ಕೆಲಸಕ್ಕೆ ಮೂರು ಅರ್ಜಿ ಬಂದರೆ ಆಶ್ಚರ್ಯಪಡಬೇಕಾಗಿಲ್ಲ, ಅಲ್ವಾ?

ಎಚ್‌ಆರ್ ಪರೀಕ್ಷೆಯಲ್ಲಿ ಎಲ್ಲರೂ ಮಾಡುವ ತಪ್ಪೊಂದಿದೆ. "ಅವನು ಮಾಸ್ಟರ್ಸ್ ಓದುತ್ತಿದ್ದಾನೆ, ಆದ್ದರಿಂದ ಮಟ್ಟ 3" ಅಂತ ಬರೆಯುವುದು. ಕೌಂಟರಿನಲ್ಲಿ ಕೂರಲು ಮಾಸ್ಟರ್ಸ್ ಬೇಕಾ? ಬೇಡ ಅಂದರೆ ಆ ಡಿಗ್ರಿಗೆ ಅಲ್ಲಿ ಬೆಲೆ ಇಲ್ಲ. ಅದೇ ಹುಡುಗ ಸ್ಟಾಟಿಸ್ಟಿಕ್ಸ್ ಹೇಳಿಕೊಡುವ ಟ್ಯೂಟರ್ ಆದರೆ ಇದೆ.

ವರ್ಕ್-ಸ್ಟಡಿ ಅನ್ನುವುದು ಟೈಟಲ್ ಅಲ್ಲ

ಫೆಡರಲ್ ವರ್ಕ್-ಸ್ಟಡಿ ಅನ್ನುವ ಅಮೆರಿಕ ಸರ್ಕಾರದ ಯೋಜನೆ ಶುರುವಾದದ್ದು 1964ರಲ್ಲಿ. ಬಡ ಮನೆಯ ವಿದ್ಯಾರ್ಥಿಗಳಿಗೆ ಕೆಲಸ ಕೊಟ್ಟರೆ ಸಾಮಾನ್ಯವಾಗಿ ಸಂಬಳದ ಶೇ. 75ರವರೆಗೆ ಸರ್ಕಾರ ಕೊಡುತ್ತದೆ. ಗಂಟೆಗೆ 15 ಡಾಲರಿನ ಕೆಲಸಗಾರ ವಿಭಾಗಕ್ಕೆ 3.75 ಡಾಲರಿಗೆ ಸಿಕ್ಕಂತೆ. ಇಷ್ಟು ಅಗ್ಗ ಆದಾಗ ವಿಭಾಗದವರು ಜಾಹೀರಾತಿನಲ್ಲೇ 'ವರ್ಕ್-ಸ್ಟಡಿ ಸ್ಟೂಡೆಂಟ್' ಅಂತ ಹಾಕಿಬಿಡುತ್ತಾರೆ. ಅದು ದುಡ್ಡು ಎಲ್ಲಿಂದ ಬರುತ್ತದೆ ಅನ್ನುವ ಮಾಹಿತಿ, ಕೆಲಸದ ಹೆಸರಲ್ಲ.

ಈ ಯೋಜನೆಯ ನಿಯಮದಲ್ಲಿ ನನಗೆ ತುಂಬಾ ಹಿಡಿಸಿದ ಮಾತೊಂದಿದೆ. ವಿದ್ಯಾರ್ಥಿಯ ಮನೆಯ ಕಷ್ಟ ನೋಡಿ ಅವನು ಒಟ್ಟು ಎಷ್ಟು ದುಡಿಯಬಹುದು ಅಂತ ಮಿತಿ ಹಾಕಬಹುದು. ಗಂಟೆಯ ದರವನ್ನು ಮಾತ್ರ ಕಷ್ಟ ನೋಡಿ ಹಾಕುವಂತಿಲ್ಲ. ದರಕ್ಕೆ ನೋಡಬೇಕಾದ್ದು ಕೆಲಸಕ್ಕೆ ಬೇಕಾದ ಕೌಶಲ, ಆ ಊರಿನಲ್ಲಿ ಅದೇ ಕೆಲಸಕ್ಕೆ ಸಿಗುವ ಸಂಬಳ, ಈ ಯೋಜನೆಗೆ ಸೇರದ ಅಂಥದೇ ಕೆಲಸಗಾರರಿಗೆ ಯೂನಿವರ್ಸಿಟಿ ಕೊಡುವ ಸಂಬಳ, ಕನಿಷ್ಠ ಕೂಲಿಯ ಕಾನೂನು. ಅಂದರೆ ಮತ್ತೆ ಕುರ್ಚಿಗೇ ಬಂದೆವು.

ನಮ್ಮ ಕಡೆಯಿಂದ ಹೋಗುವವರಿಗೆ ಒಂದು ಮಾತು. ಎಫ್-1 ವೀಸಾದವರಿಗೆ, ಅಂದರೆ ಓದಲು ಅಂತ ಹೊರದೇಶದಿಂದ ಬಂದವರಿಗೆ, ಈ ಯೋಜನೆ ಸಿಗುವುದಿಲ್ಲ. 'ವರ್ಕ್-ಸ್ಟಡಿಯವರಿಗೆ ಮಾತ್ರ' ಅಂತ ಇದ್ದರೆ ಅರ್ಜಿ ಹಾಕಿ ಟೈಮ್ ವೇಸ್ಟ್ ಮಾಡಬೇಡಿ. ನಾನು ಇಂಥ ಹನ್ನೊಂದು ಅರ್ಜಿ ಹಾಕಿದ್ದೆ.

ಏಣಿಯ ಮೆಟ್ಟಿಲು ನೀರಲ್ಲಿ ಮುಳುಗುವುದು

ಈ ಭಾಗಕ್ಕೆ ಪೆನ್ನು, ಕಾಗದ ತೆಗೆದುಕೊಳ್ಳಿ. ಕ್ಯಾಲಿಫೋರ್ನಿಯಾದಲ್ಲಿ ದೊಡ್ಡ ಉದ್ಯೋಗದಾತರಿಗೆ ಇದ್ದ ಕನಿಷ್ಠ ಕೂಲಿ ಗಂಟೆಗೆ 2019ರಲ್ಲಿ 12 ಡಾಲರ್, 2020ರಲ್ಲಿ 13, 2021ರಲ್ಲಿ 14, 2022ರಲ್ಲಿ 15, 2023ರಲ್ಲಿ 15.50. ಈಗ ಲೆಕ್ಕಕ್ಕೆ ಅಂತ ನಾನೇ ಒಂದು ಪಟ್ಟಿ ಮಾಡುತ್ತೇನೆ. 2019ರಲ್ಲಿ ಮಟ್ಟ 1ಕ್ಕೆ 12 ಡಾಲರ್, ಮಟ್ಟ 2ಕ್ಕೆ 13.50, ಮಟ್ಟ 3ಕ್ಕೆ 15.50. ಆಮೇಲೆ ಪಟ್ಟಿಯನ್ನು ಯಾರೂ ಮುಟ್ಟಲಿಲ್ಲ ಅಂತಿಟ್ಟುಕೊಳ್ಳಿ.

2021ಕ್ಕೆ ಕನಿಷ್ಠ ಕೂಲಿ 14 ಆಯಿತು, ಮಟ್ಟ 2 ಮುಳುಗಿತು. 2023ಕ್ಕೆ 15.50 ಆಯಿತು, ಮಟ್ಟ 3ರ ತಲೆಯವರೆಗೆ ನೀರು. ನಾಲ್ಕೇ ವರ್ಷದಲ್ಲಿ ಮೊದಲ ದಿನ ಬಂದ ಫ್ರೆಶ್‌ಮನ್‌ಗೂ ಬೀಗ ಹಾಕುವ ಶಿಫ್ಟ್ ಲೀಡ್‌ಗೂ ಒಂದೇ ಸಂಬಳ. ಇದಕ್ಕೆ ಪೇ ಕಂಪ್ರೆಷನ್ ಅನ್ನುತ್ತಾರೆ. ಯಾರೂ ಬೇಕಂತ ಮಾಡಿದ್ದಲ್ಲ, ಪಟ್ಟಿ ಮರೆತದ್ದರಿಂದ ಆದದ್ದು.

ಪರಿಹಾರ ಏನು? ಕನಿಷ್ಠ ಕೂಲಿಯ ಮೇಲೆ 1.50 ಡಾಲರ್ ಅಂತ ಗಂಟು ಹಾಕಬಹುದು. ಆದರೆ 12ರ ಮೇಲಿನ 1.50 ಅಂದರೆ ಶೇ. 12.5. ಕೂಲಿ 16.50 ಆದ 2025ರಲ್ಲಿ ಅದೇ 1.50 ಸುಮಾರು ಶೇ. 9 ಅಷ್ಟೇ. ಅಂತರ ಮೆಲ್ಲಗೆ ಕರಗುತ್ತದೆ. ಅದರ ಬದಲು ಶೇ. 12.5 ಅಂತಲೇ ಇಟ್ಟರೆ 2025ರಲ್ಲಿ ಮಟ್ಟ 2ಕ್ಕೆ ಸುಮಾರು 18.56 ಡಾಲರ್ ಬರುತ್ತದೆ. ನನ್ನ ಮತ ಶೇಕಡಾವಾರಿಗೆ. ಬಜೆಟ್ ನೋಡುವವರು ಇದಕ್ಕೆ ಒಪ್ಪುವುದು ಕಷ್ಟ, ಅದು ಬೇರೆ ಮಾತು.

ಟೆಕ್ಸಾಸಿನಲ್ಲಿ ತಲೆನೋವು ತಿರುಗುಮುರುಗು. ಅಲ್ಲಿ ಇರುವುದು ಫೆಡರಲ್ ದರ 7.25 ಡಾಲರ್, 2009ರಿಂದ ಅಲುಗಾಡಿಲ್ಲ. ಕಾನೂನಿನಿಂದ ಒತ್ತಡವೇ ಇಲ್ಲದ ಕಡೆ ಪಟ್ಟಿಯನ್ನು ಮೇಲೆ ತಳ್ಳುವುದು ಕ್ಯಾಂಪಸ್ಸಿನ ಹೊರಗಿನ ಅಂಗಡಿಗಳು. ಅವರು ಜಾಸ್ತಿ ಕೊಟ್ಟರೆ ಹುಡುಗರು ಅಲ್ಲಿಗೆ ಹೋಗುತ್ತಾರೆ. ಎಫ್-1ನವರು ಹಾಗೆ ಹೋಗುವಂತಿಲ್ಲ. ಕಡಿಮೆ ಸಂಬಳದ ಕೌಂಟರುಗಳಲ್ಲಿ ನಮ್ಮವರೇ ಜಾಸ್ತಿ ಕಾಣುವುದಕ್ಕೆ ಇದೂ ಒಂದು ಕಾರಣ ಅಂತ ನನ್ನ ಅನಿಸಿಕೆ.

ಟೈಟಲಿನ ಬೆನ್ನಿಗೆ ಬರುವ ಕಾನೂನು

ಟೈಟಲ್ ತಪ್ಪಿದರೆ ತೆರಿಗೆಯ ಲೆಕ್ಕವೂ ತಪ್ಪಬಹುದು. ಓದುತ್ತಿರುವ ಯೂನಿವರ್ಸಿಟಿಯಲ್ಲೇ ಕ್ಲಾಸಿಗೆ ಹೋಗುತ್ತಾ ಕೆಲಸ ಮಾಡುವವರಿಗೆ ಸೋಷಿಯಲ್ ಸೆಕ್ಯುರಿಟಿ (ಪಿಂಚಣಿ), ಮೆಡಿಕೇರ್ (ವಯಸ್ಸಾದವರ ವೈದ್ಯಕೀಯ ವಿಮೆ) ತೆರಿಗೆಯಿಂದ ವಿನಾಯಿತಿ ಇದೆ. ಎರಡೂ ಸೇರಿ ಶೇ. 7.65. ವಾರಕ್ಕೆ 20 ಗಂಟೆ, 15 ಡಾಲರಿನಂತೆ 300 ಡಾಲರ್ ದುಡಿದರೆ ಉಳಿಯುವುದು 22.95 ಡಾಲರ್. ಯೂನಿವರ್ಸಿಟಿಗೂ ಅಷ್ಟೇ ಉಳಿತಾಯ. ಅವರನ್ನು ಪೇರೋಲಿನಲ್ಲಿ ಖಾಯಂ ನೌಕರರ ಗುಂಪಿಗೆ ಹಾಕಿದರೆ ಇಬ್ಬರ ಜೇಬಿನಿಂದಲೂ ಸುಮ್ನೆ ಹೋಗುತ್ತದೆ. ಆದರೆ ಇದು ಹೆಸರು ಬದಲಿಸಿದ ಮಾತ್ರಕ್ಕೆ ಸಿಗುವ ವಿನಾಯಿತಿಯಲ್ಲ. 2011ರಲ್ಲಿ ಮೇಯೊ ಫೌಂಡೇಷನ್ ಕೇಸಿನಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಆಸ್ಪತ್ರೆಯಲ್ಲಿ ಕಲಿಯುತ್ತಲೇ ಪೂರ್ತಿ ಹೊತ್ತು ಕೆಲಸ ಮಾಡುವ ರೆಸಿಡೆಂಟ್ ಡಾಕ್ಟರುಗಳು ಈ ವಿನಾಯಿತಿಗೆ ಬರುವುದಿಲ್ಲ ಅನ್ನುವ ತೆರಿಗೆ ಇಲಾಖೆಯ ನಿಯಮವನ್ನೇ ಎತ್ತಿಹಿಡಿಯಿತು.

ಪಾಠಕ್ಕೆ ನೆರವಾಗುವ ಟೀಚಿಂಗ್ ಅಸಿಸ್ಟೆಂಟ್, ಅಂದರೆ ಟಿಎಗಳ ಲೆಕ್ಕ ಗಂಟೆಯಲ್ಲಿ ಅಲ್ಲ, ಪರ್ಸೆಂಟಿನಲ್ಲಿ. '50 ಪರ್ಸೆಂಟ್ ಅಪಾಯಿಂಟ್‌ಮೆಂಟ್' ಅಂದರೆ ವಾರಕ್ಕೆ 20 ಗಂಟೆ. ಎಫ್-1ನವರಿಗೆ ಸೆಮಿಸ್ಟರ್ ನಡೆಯುವಾಗ ಇರುವ ಮಿತಿಯೂ 20 ಗಂಟೆಯೇ. ಹಾಗಾಗಿ ಟಿಎ ಆದವನು ಲೈಬ್ರರಿಯಲ್ಲಿ ಇನ್ನೂ ಎರಡು ಗಂಟೆ ಕೂತರೆ ವೀಸಾಕ್ಕೇ ಕುತ್ತು.

ಯೂನಿಯನ್ ವಿಷಯ ಬೇಗ ಹೇಳಿ ಮುಗಿಸುತ್ತೇನೆ. ಖಾಸಗಿ ಯೂನಿವರ್ಸಿಟಿಗಳ ಟಿಎ, ಆರ್‌ಎಗಳೂ ನೌಕರರೇ ಅಂತ 2016ರಲ್ಲಿ ಕೊಲಂಬಿಯಾ ಯೂನಿವರ್ಸಿಟಿಯ ಪ್ರಕರಣದಲ್ಲಿ ತೀರ್ಪು ಬಂತು. 2022ರ ನವೆಂಬರಿನಲ್ಲಿ ಕ್ಯಾಲಿಫೋರ್ನಿಯಾ ಯೂನಿವರ್ಸಿಟಿಯ ಸುಮಾರು 48 ಸಾವಿರ ಅಕಡೆಮಿಕ್ ಕೆಲಸಗಾರರು ಮುಷ್ಕರ ಹೂಡಿದರು. ಯೂನಿಯನ್ ಇದ್ದ ಕಡೆ ಸಂಬಳದ ಪಟ್ಟಿ ಒಪ್ಪಂದದಲ್ಲಿರುತ್ತದೆ, ಎಚ್‌ಆರ್ ಒಬ್ಬರೇ ಕೂತು ಬರೆಯುವಂತಿಲ್ಲ.

ನಮ್ಮಲ್ಲಿ ಹೇಗೆ ಅಂತ ಕೇಳುವವರಿಗೆ: ಐಐಎಸ್‌ಸಿ, ಐಐಟಿಗಳಲ್ಲಿ ಗೇಟ್ ಪರೀಕ್ಷೆ ಬರೆದು ಎಂ.ಟೆಕ್ ಸೇರಿದವರಿಗೆ ತಿಂಗಳಿಗೆ 12,400 ರೂಪಾಯಿ. ಅದಕ್ಕೆ ವಾರಕ್ಕೆ 8 ಗಂಟೆ ಟಿಎ ಕೆಲಸ. ಲ್ಯಾಬ್ ನಡೆಸಿದರೂ ಅಷ್ಟೇ, ಹಾಜರಿ ಕೂಗಿದರೂ ಅಷ್ಟೇ. ಮಟ್ಟದ ಜಗಳವೇ ಇಲ್ಲ.

ನಮ್ಮ ಕೌಂಟರಿಗೆ ಬರೋಣ. ಮರುವರ್ಷ ಎಚ್‌ಆರ್‌ನವರು ಎಲ್ಲರ ಕೆಲಸದ ವಿವರ ಬರೆಸಿಕೊಂಡರು. ಇಬ್ಬರೂ 'ಸ್ಟೂಡೆಂಟ್ ಅಸಿಸ್ಟೆಂಟ್ 2' ಆದೆವು. ಅವಳ ಸಂಬಳ ಹೊಸ ಪಟ್ಟಿಗಿಂತ ಮೇಲಿತ್ತು. ಇಂಥ ಕಡೆ ಕತ್ತರಿಸುವುದಿಲ್ಲ, ಪಟ್ಟಿ ಮೇಲೆ ಬರುವವರೆಗೆ ಅಲ್ಲಿಗೇ ನಿಲ್ಲಿಸುತ್ತಾರೆ. ರೆಡ್ ಸರ್ಕಲ್ ಅನ್ನುವುದು ಇದಕ್ಕೇ, ಪರೀಕ್ಷೆಗೂ ಬರುತ್ತದೆ. ನನ್ನ ಸಂಬಳ ಅವಳದನ್ನು ಮುಟ್ಟುವಷ್ಟರಲ್ಲಿ ಅವಳು ಡಿಗ್ರಿ ಮುಗಿಸಿ ಹೋಗಿದ್ದಳು.