ಪದ ಮರೆತ ಹಾಡಿಗೆ ಗ್ರ್ಯಾಮಿ ಯಾಕೆ?

ಪ್ರಶ್ನೆ: ಅಮೆರಿಕದ ಜಾಝ್ ಗಾಯಕಿ ಎಲ್ಲಾ ಫಿಟ್ಜೆರಾಲ್ಡ್ ಬರ್ಲಿನ್‌ನಲ್ಲಿ ಹಾಡಿದ ‘ಮ್ಯಾಕ್ ದ ನೈಫ್’ ಕೇಳಿದೆ. ಅರ್ಧದಲ್ಲೇ ಪದ ಮರೆತು ಬಾಯಿಗೆ ಬಂದದ್ದು ಹಾಡುತ್ತಾರೆ. ಜಾಝ್ ಪ್ರಿಯರು ಇದನ್ನೇ ತಲೆ ಮೇಲೆ ಹೊತ್ತು ಕುಣಿಯುತ್ತಾರೆ. ಇದರಲ್ಲಿ ಕೇಳಬೇಕಾದ್ದು ಏನು?

ಉತ್ತರ: ಇನ್ನೊಂದು ಸಲ ಹಾಕಿ. ಈ ಸಲ ಹಾಡುವವರನ್ನು ಸ್ವಲ್ಪ ಬಿಟ್ಟು ಪಿಯಾನೋ ಕೇಳಿ.

ಅದು 1960ರ ಫೆಬ್ರವರಿ 13. ಪಶ್ಚಿಮ ಬರ್ಲಿನ್‌ನ ಡಾಯ್ಚ್‌ಲಾಂಡ್‌ಹಾಲೆ ಎಂಬ ದೊಡ್ಡ ಸಭಾಂಗಣ. ಎಲ್ಲಾಗೆ ಆಗ 42 ವರ್ಷ. ಪಿಯಾನೋದಲ್ಲಿ ಪಾಲ್ ಸ್ಮಿತ್, ಗಿಟಾರ್‌ನಲ್ಲಿ ಜಿಮ್ ಹಾಲ್, ಬಾಸ್‌ನಲ್ಲಿ ವಿಲ್ಫ್ರೆಡ್ ಮಿಡಲ್‌ಬ್ರೂಕ್ಸ್, ಡ್ರಮ್ಸ್‌ನಲ್ಲಿ ಗಸ್ ಜಾನ್ಸನ್. ಹಾಡು ಶುರು ಮಾಡುವ ಮುಂಚೆಯೇ ಆಕೆ ಹೇಳಿಬಿಡುತ್ತಾರೆ: ಇದನ್ನು ಹೆಂಗಸರು ಹಾಡಿದ್ದು ಕೇಳಿಲ್ಲ, ಪದಗಳು ನೆನಪಿರಲಿ ಅಂತ ಆಸೆ. ಹೆಸರು ಎಲ್ಲಾ, ಪದಗಳು ಮಾತ್ರ ಅರ್ಧ!

ಈ ಹಾಡಿನ ಹುಟ್ಟೂರೂ ಬರ್ಲಿನ್ನೇ. 1928ರಲ್ಲಿ ಬ್ರೆಕ್ಟ್ ಬರೆದು ಕುರ್ಟ್ ವೈಲ್ ರಾಗ ಹಾಕಿದ ನಾಟಕದ ಹಾಡು ಇದು. ಬೀದಿಯಲ್ಲಿ ನಿಂತು ಕೊಲೆಗಡುಕರ ಕಥೆ ಹಾಡುತ್ತಿದ್ದವರ ಧಾಟಿ. ನಮ್ಮ ಲಾವಣಿಯ ಹಾಗೆ, ಒಂದೇ ಚಿಕ್ಕ ಮಟ್ಟು, ಅದರ ಮೇಲೆ ನುಡಿ ಮೇಲೆ ನುಡಿ. ಒಂದು ಸುತ್ತಿಗೆ 16 ಬಾರ್, ಒಂದೊಂದು ಬಾರ್‌ಗೆ ನಾಲ್ಕು ಏಟು. ಅದು ಮುಗಿದರೆ ಮತ್ತೆ ಅದೇ. ಆವರ್ತನ ಅಂದುಕೊಳ್ಳಿ.

ಗುಟ್ಟು ಇರುವುದು ಇಲ್ಲೇ. ಎಲ್ಲಾ ಮರೆತದ್ದು ಪದ, ಲೆಕ್ಕವನ್ನಲ್ಲ. ಅರ್ಧ ದಾರಿಯಲ್ಲಿ ಸಾಲು ಕೈಕೊಟ್ಟಾಗ ಆಕೆ ನಿಲ್ಲುವುದಿಲ್ಲ, ಕ್ಷಮೆ ಕೇಳುವುದಿಲ್ಲ. ‘ಮುಂದಿನ ಸಾಲು ಏನಪ್ಪಾ, ನನಗೆ ಗೊತ್ತಿಲ್ಲ’ ಅನ್ನುವುದನ್ನೇ ಮಟ್ಟಿಗೆ ಕೂರಿಸಿ ಹಾಡಿಬಿಡುತ್ತಾರೆ. ಈ ಹಾಡನ್ನು ಮೊದಲೇ ರೆಕಾರ್ಡ್ ಮಾಡಿದ್ದ ಬಾಬಿ ಡಾರಿನ್, ಲೂಯಿ ಆರ್ಮ್‌ಸ್ಟ್ರಾಂಗ್ ಹೆಸರನ್ನು ಎಳೆದು ತರುತ್ತಾರೆ. ಅವರು ರೆಕಾರ್ಡ್ ಮಾಡಿದರು, ನಾವು ಹಾಡನ್ನು ಹಾಳು ಮಾಡುತ್ತಿದ್ದೇವೆ ಎಂದು ತಮ್ಮನ್ನೇ ಗೇಲಿ ಮಾಡಿಕೊಳ್ಳುತ್ತಾರೆ. ಆಮೇಲೆ ಆರ್ಮ್‌ಸ್ಟ್ರಾಂಗ್‌ನ ಜಲ್ಲಿಕಲ್ಲು ದನಿ! ಅಷ್ಟು ನುಣುಪಾದ ಗಂಟಲಿನಿಂದ ಆ ಗೊರಗೊರ ಎಲ್ಲಿಂದ ಬಂತು ಅನ್ನಿಸುತ್ತದೆ, ಅಲ್ವಾ?

ಈ ಹೊತ್ತಿನಲ್ಲಿ ಪಾಲ್ ಸ್ಮಿತ್ ಏನು ಮಾಡುತ್ತಿದ್ದಾರೆ? ಗಾಬರಿಯಾಗಿಲ್ಲ. ಸಣ್ಣ ಸಣ್ಣ ಕಾರ್ಡ್‌ಗಳನ್ನು, ಅಂದರೆ ಒಟ್ಟಿಗೆ ಒತ್ತುವ ಸ್ವರಗಳ ಗೊಂಚಲುಗಳನ್ನು, ದನಿಯ ಸಂದಿಯಲ್ಲಿ ಚಕ್ಕಂತ ಇಟ್ಟು ಕೈ ಎತ್ತುತ್ತಾರೆ. ಇದಕ್ಕೆ ಕಾಂಪಿಂಗ್ ಅನ್ನುತ್ತಾರೆ. ನಮ್ಮ ಕಛೇರಿಯಲ್ಲಿ ಆಲಾಪನೆ ಮಾಡುವಾಗ ಪಿಟೀಲಿನವರು ಹಾಡುಗಾರರ ಬೆನ್ನು ಹಿಡಿದು ಬರುತ್ತಾರೆ. ಅವರು ಹಾಡಿದ್ದನ್ನು ಇವರು ನುಡಿಸುತ್ತಾರೆ. ಜಾಝ್ ಪಿಯಾನೋ ಹಾಗಲ್ಲ. ಮುಂದಿನ ಸ್ವರ ಎಲ್ಲಿ ಬೀಳಬಹುದೋ ಅಲ್ಲಿ ಮೊದಲೇ ನೆಲ ಹಾಸಿಡುತ್ತದೆ. ಸಾಲದ್ದಕ್ಕೆ ಈ ಹಾಡಿನ ಶ್ರುತಿ ನಡುನಡುವೆ ಅರ್ಧ ಮನೆ ಮೇಲೇರುತ್ತದೆ. ಪದವೇ ಇಲ್ಲದ ಹಾಡುಗಾರ್ತಿಯ ಜೊತೆ ಇಡೀ ತಂಡ ಒಟ್ಟಿಗೆ ಮೆಟ್ಟಿಲು ಹತ್ತುತ್ತದೆ, ಒಬ್ಬರೂ ಎಡವುವುದಿಲ್ಲ. ಆ ಮೆಟ್ಟಿಲು ಸಿಕ್ಕಿದರೆ ನಿಮಗೆ ಹಾಡು ಸಿಕ್ಕಿತು ಅಂತಲೇ ಲೆಕ್ಕ.

ಇಷ್ಟಕ್ಕೆ ಸುಮ್ನೆ ಗ್ರ್ಯಾಮಿ ಕೊಡಲಿಲ್ಲ. 1961ರಲ್ಲಿ ಈ ಹಾಡಿಗೊಂದು, ಆಲ್ಬಮ್ಮಿಗೊಂದು, ಎರಡು ಬಂದವು. ಆದರೆ ನನ್ನನ್ನು ಕೇಳಿದರೆ ಅದೇ ರಾತ್ರಿಯ ‘ಹೌ ಹೈ ದ ಮೂನ್’ ಇನ್ನೂ ಒಂದು ಕೈ ಮೇಲು. ಸುಮಾರು ಏಳು ನಿಮಿಷ. ಶುರುವಿನಲ್ಲಿ ಪದಗಳು, ಆಮೇಲೆ ಹೆಚ್ಚುಕಡಿಮೆ ಪೂರ್ತಿ ಸ್ಕ್ಯಾಟ್, ಅಂದರೆ ಅರ್ಥವಿಲ್ಲದ ಅಕ್ಷರಗಳಲ್ಲಿ ವಾದ್ಯದ ಹಾಗೆ ಹಾಡುವುದು. ಅಲ್ಲಿ ಬೇರೆ ಬೇರೆ ಹಾಡಿನ ತುಣುಕುಗಳನ್ನು ಕಿಸೆಯಿಂದ ತೆಗೆದು ತೆಗೆದು ಎಸೆಯುತ್ತಾರೆ. ಹೊಗೆ ಕಣ್ಣಿಗೆ ಬಿತ್ತು ಅನ್ನುವ ಒಂದು ಹಳೇ ಹಾಡಿದೆ. ಕೊನೆಗೆ ಅದನ್ನು ಎತ್ತಿಕೊಂಡು, ಹೊಗೆಯ ಜಾಗದಲ್ಲಿ ಬೆವರು ಅಂತ ಹಾಡುತ್ತಾರೆ. ಅಷ್ಟು ಹೊತ್ತು ದುಡಿದ ಮೇಲೆ ಇನ್ನೇನು ಹೇಳಬೇಕು!

ಒಂದು ಕಿವಿಮಾತು. ಕೈತಟ್ಟುವುದಿದ್ದರೆ ಎರಡನೇ ಮತ್ತು ನಾಲ್ಕನೇ ಏಟಿಗೆ ತಟ್ಟಿ. ನಾನು ತುಂಬಾ ದಿನ ಒಂದು, ಮೂರಕ್ಕೆ ತಟ್ಟುತ್ತಿದ್ದೆ. ನಮಗೆ ಸಮದ ಮೇಲೆ ಕೈ ಬೀಳುವುದೇ ಅಭ್ಯಾಸ. ಹಾಗೆ ತಟ್ಟಿದರೆ ಜಾಝ್ ಯಾಕೋ ಕುಂಟಿದಂತೆ ಕೇಳುತ್ತದೆ. ಎರಡು, ನಾಲ್ಕಕ್ಕೆ ಬದಲಾಯಿಸಿ ನೋಡಿ. ಸ್ವಿಂಗ್ ಅಂದರೇನು ಅಂತ ಬರೆದು ತಿಳಿಸುವುದು ಕಷ್ಟ, ಅಂಗೈಗೆ ಬೇಗ ಗೊತ್ತಾಗುತ್ತದೆ.

ಇನ್ನೊಂದು ವಿಷಯ ಗೊತ್ತಾದ ಮೇಲೆ ನನಗೆ ಈ ರೆಕಾರ್ಡಿಂಗ್ ಬೇರೆಯೇ ಆಗಿ ಕೇಳಿಸತೊಡಗಿತು. ಆ ಸಭಾಂಗಣವನ್ನು 1935ರಲ್ಲಿ ಉದ್ಘಾಟಿಸಿದ್ದು ಹಿಟ್ಲರ್. ಅದೇ ವರ್ಷ ಜರ್ಮನ್ ರೇಡಿಯೋದಲ್ಲಿ ಜಾಝ್ ನಿಷೇಧವಾಯಿತು. ರಾಗ ಹಾಕಿದ ವೈಲ್ ಯಹೂದಿ, 1933ರಲ್ಲೇ ದೇಶ ಬಿಟ್ಟು ಓಡಬೇಕಾಯಿತು. 1950ರಲ್ಲಿ ನ್ಯೂಯಾರ್ಕ್‌ನಲ್ಲಿ ತೀರಿಕೊಂಡರು. ಹತ್ತು ವರ್ಷದ ನಂತರ, ಯುದ್ಧದಲ್ಲಿ ಹಾಳಾಗಿ ಮತ್ತೆ ಕಟ್ಟಿದ ಅದೇ ಸಭಾಂಗಣದಲ್ಲಿ ಒಬ್ಬ ಕಪ್ಪು ಅಮೆರಿಕನ್ ಹೆಂಗಸು ಅವರ ಹಾಡನ್ನು ಬಾಯಿಗೆ ಬಂದಂತೆ ತಿರುಚಿ ಹಾಡುತ್ತಾರೆ, ಬರ್ಲಿನ್ ಜನ ಚಪ್ಪಾಳೆ ಹೊಡೆಯುತ್ತಾರೆ.

ಪಿಯಾನೋ ಇನ್ನೂ ಹತ್ತಿರದಿಂದ ಬೇಕಿದ್ದರೆ ಇದೇ ಆಲ್ಬಮ್ಮಿನ ‘ಮಿಸ್ಟಿ’ ಹಾಕಿ, ನಿಧಾನದ ಹಾಡು. ಅದು ಹಿಡಿಸಿದರೆ, ಎರಡು ತಿಂಗಳ ನಂತರ, ಅದೇ ವರ್ಷದ ಏಪ್ರಿಲ್‌ನಲ್ಲಿ ಎಲ್ಲಾ ಮತ್ತು ಪಾಲ್ ಸ್ಮಿತ್ ಸ್ಟುಡಿಯೋದಲ್ಲಿ ಮಾಡಿದ ರೆಕಾರ್ಡ್ ಇದೆ. ‘ದಿ ಇಂಟಿಮೇಟ್ ಎಲ್ಲಾ’ ಅನ್ನುವ ಹೆಸರಲ್ಲಿ ಈಗ ಸಿಗುತ್ತದೆ. ಡ್ರಮ್ಸ್ ಇಲ್ಲ, ಬಾಸ್ ಇಲ್ಲ, ಚಪ್ಪಾಳೆ ಇಲ್ಲ. ಒಂದು ದನಿ, ಒಂದು ಪಿಯಾನೋ. ರಾತ್ರಿ ಊಟ ಆದ ಮೇಲೆ ಹೆಡ್‌ಫೋನ್‌ನಲ್ಲಿ ಕೇಳಿ, ಪಾತ್ರೆ ತೊಳೆಯುತ್ತಾ ಬೇಡ.