ಸ್ಕ್ರೂ ತಿರುಗಿಸುವ ಮುಂಚೆ ಬಲ್ಬ್ ನೋಡಿ

ಕಾರಿನ ಹೆಡ್‌ಲೈಟ್ ಬಲ್ಬ್ ಬದಲಿಸಿದ ಮೇಲೆ ಬೆಳಕು ಓರೆಯಾಗಿ ಬಿದ್ದರೆ ಬಹುತೇಕರ ಕೈ ನೇರವಾಗಿ ದೀಪದ ಹಿಂಬದಿಯ ಸ್ಕ್ರೂಗೆ ಹೋಗುತ್ತದೆ. ಆ ಸ್ಕ್ರೂ ಬೆಳಕನ್ನು ಮುಂದಕ್ಕೆ ತಳ್ಳುವ ಕನ್ನಡಿ ಬಟ್ಟಲನ್ನು, ಅಂದರೆ ಇಡೀ ರಿಫ್ಲೆಕ್ಟರನ್ನು ವಾಲಿಸುತ್ತದೆ, ಅಷ್ಟೆ. ಒಳಗೆ ಸೊಟ್ಟಗೆ ಕೂತ ಬಲ್ಬನ್ನು ನೆಟ್ಟಗೆ ಮಾಡುವುದು ಅದರಿಂದಾಗದು.

ಎರಡು ತಂತುಗಳ (ಉರಿದು ಬೆಳಗುವ ಸಣ್ಣ ಸುರುಳಿಗಳ) ಎಚ್‌4 ಬಲ್ಬನ್ನು ಹತ್ತಿರದಿಂದ ನೋಡಿ. ಡಿಪ್, ಅಂದರೆ ತಗ್ಗಿಸಿದ ಬೆಳಕಿನ ತಂತು ರಿಫ್ಲೆಕ್ಟರಿನ ನಾಭಿಗಿಂತ (ಅಲ್ಲಿಟ್ಟ ಬೆಳಕು ನೇರವಾಗಿ ಮುಂದೆ ಹೋಗುವ ಬಿಂದುವಿಗಿಂತ) ತುಸು ಮುಂದಿರುತ್ತದೆ. ಅಲ್ಲಿಂದ ಹೊರಟು ರಿಫ್ಲೆಕ್ಟರಿನ ಮೇಲರ್ಧಕ್ಕೆ ಬಡಿದ ಕಿರಣ ರಸ್ತೆಗೆ ಇಳಿಯುತ್ತದೆ. ಕೆಳಗಿನರ್ಧಕ್ಕೆ ಬಡಿದರೆ ಮೇಲಕ್ಕೇರಿ ಎದುರಿನವರ ಕಣ್ಣಿಗೆ ಹೊಡೆಯುತ್ತದೆ. ಅದನ್ನು ತಡೆಯಲೆಂದೇ ತಂತುವಿನ ಕೆಳಗೆ ದೋಣಿಯಾಕಾರದ ಪುಟ್ಟ ಲೋಹದ ಮರೆ. ಮರೆಯ ಒಂದು ಅಂಚನ್ನು 15 ಡಿಗ್ರಿ ತಗ್ಗಿಸಿರುತ್ತಾರೆ. ಗೋಡೆಯ ಮೇಲೆ ಬೆಳಕು ಮುಗಿದು ಕತ್ತಲು ಶುರುವಾಗುವ ಗೆರೆ ಒಂದು ಬದಿಯಲ್ಲಿ ಮೇಲೇಳುವುದು ಅದರಿಂದಲೇ: ವಾಹನಗಳು ಎಡಬದಿಯಲ್ಲಿ ಓಡುವ ದೇಶಗಳಲ್ಲಿ ಎಡಕ್ಕೆ, ಬಲಬದಿಯಲ್ಲಿ ಓಡುವಲ್ಲಿ ಬಲಕ್ಕೆ. ಇಷ್ಟೊಂದು ಕೆಲಸ ಒಂದು ತಗಡಿನ ಚೂರಿನಿಂದ ಆಗುತ್ತದೆ ಎನ್ನುವುದೇ ಸೋಜಿಗ!

ಈಗ ಲೆಕ್ಕ. ನಾಭಿದೂರ (ರಿಫ್ಲೆಕ್ಟರಿನ ತಳದಿಂದ ನಾಭಿಗಿರುವ ದೂರ) 25 ಮಿ.ಮೀ. ಇರುವ ರಿಫ್ಲೆಕ್ಟರಿನಲ್ಲಿ ಬಲ್ಬ್ ಸೊಟ್ಟಗೆ ಕೂತು ತಂತು 1 ಮಿ.ಮೀ. ಕೆಳಗೆ ಸರಿದರೆ ಬೆಳಕು ಸುಮಾರು 2.3 ಡಿಗ್ರಿ ಮೇಲೇಳುತ್ತದೆ. 10 ಮೀಟರ್ ಆಚೆಯ ಗೋಡೆಯಲ್ಲಿ ಅದು 40 ಸೆಂ.ಮೀ. ಅಷ್ಟು ದೂರದಲ್ಲಿ ಬೆಳಕು ಇಳಿದಿರಬೇಕಾದದ್ದೋ ಬರೀ 10 ಸೆಂ.ಮೀ.!

1940ರಲ್ಲಿ ಅಮೆರಿಕದಲ್ಲಿ ಬಂದ ಸೀಲ್ಡ್ ಬೀಮ್ ದೀಪಗಳಿಗೆ ಈ ತೊಡಕಿರಲಿಲ್ಲ. ತಂತು, ರಿಫ್ಲೆಕ್ಟರ್, ಗಾಜು ಎಲ್ಲ ಸೇರಿ ಒಂದೇ ಘಟಕ. ತಂತು ಸುಟ್ಟರೆ ದೀಪವನ್ನೇ ಬದಲಿಸಬೇಕು. ಮುಂದೆ ಅವುಗಳ ಗಾಜಿನ ಮೇಲೆ ಮೂರು ಉಬ್ಬುಗಳೂ ಬಂದವು. ಅವಕ್ಕೆ ಅಳತೆಯ ಉಪಕರಣ ಆನಿಸಿ, ದೀಪ ಹಚ್ಚದೆಯೇ ಕೋನ ಸರಿಮಾಡುತ್ತಿದ್ದರು.

ಆದ್ದರಿಂದ ಮೊದಲು ಬಲ್ಬ್ ಹೊರತೆಗೆದು ಮತ್ತೆ ಕೂರಿಸಿ. ಎಚ್‌4ಗೆ ಮೂರು ಕಿವಿಗಳಿವೆ, ಅಗಲವಾದದ್ದು ಮೇಲೆ ಬರಬೇಕು. ಬಲ್ಬಿನ ಬುಡದ ತಟ್ಟೆ ಸುತ್ತಲೂ ಸಮನಾಗಿ ಅಂಟಿ ಕೂತ ಮೇಲೆಯೇ ತಂತಿಯ ಕ್ಲಿಪ್ ಹಾಕಿ. ಹ್ಯಾಲೊಜೆನ್ ದೀಪಕ್ಕೆ ಎಲ್‌ಇಡಿ ಬಲ್ಬ್ ತುರುಕಿದ್ದರೆ, ಅದರ ಚಿಪ್‌ಗಳು ತಂತುವಿನ ಜಾಗದಲ್ಲಿ ಇಲ್ಲದಿದ್ದಾಗ ಗೆರೆಯೇ ಮೂಡದೆ ಬೆಳಕು ಚೆಲ್ಲಾಡುತ್ತದೆ. ಸ್ಕ್ರೂ ತಿರುಗಿಸಿ ತಗ್ಗಿಸಿದರೆ ದೂರದ ರಸ್ತೆ ಕಾಣದಾಗುತ್ತದೆ, ಕಣ್ಣು ಕುಕ್ಕುವುದು ಮಾತ್ರ ನಿಲ್ಲುವುದಿಲ್ಲ. ಸರಿಯಾದ ಬಲ್ಬನ್ನೇ ಹಾಕಬೇಕು. ಮುಂದೆ ಮಸೂರವಿರುವ ಪ್ರೊಜೆಕ್ಟರ್ ದೀಪದಲ್ಲಿ ಗೆರೆ ಕೊರೆಯುವುದು ಒಳಗಿನ ಪರದೆ. ಅಲ್ಲಿ ಗೆರೆ ವಾಲಿದ್ದರೆ ದೀಪವನ್ನು ಕೂರಿಸಿದ್ದೇ ಓರೆಯಾಗಿದೆ ಎಂದರ್ಥ.

ಗೆರೆಯ ಆಕಾರ ಸರಿಯಿದ್ದು ಎತ್ತರ ಮಾತ್ರ ತಪ್ಪಿದ್ದರೆ, ಅಥವಾ ಇಡೀ ದೀಪವನ್ನೇ ಬದಲಿಸಿದ್ದರೆ, ಆಗ ಸ್ಕ್ರೂ. ಟಯರ್ ಗಾಳಿ ಸರಿಯಿರಲಿ, ಚಾಲಕನ ಸೀಟಿನಲ್ಲಿ ಸುಮಾರು 75 ಕಿಲೋ ಭಾರವಿರಲಿ, ಡ್ಯಾಶ್‌ಬೋರ್ಡಿನ ಬೆಳಕಿನ ಎತ್ತರ ಹೊಂದಿಸುವ ಗುಂಡಿ 0ಯಲ್ಲಿರಲಿ. ಮಟ್ಟಸ ನೆಲದಲ್ಲಿ ಕಾರನ್ನು ಗೋಡೆಗೆ ತಾಗುವಷ್ಟು ತಂದು, ದೀಪಗಳ ನಡುಬಿಂದುಗಳನ್ನು ಗೋಡೆಯ ಮೇಲೆ ಟೇಪಿನಿಂದ ಗುರುತಿಸಿ. ಆ ಎತ್ತರಕ್ಕಿಂತ 10 ಸೆಂ.ಮೀ. ಕೆಳಗೆ ಇನ್ನೊಂದು ಗೆರೆ. ನೇರವಾಗಿ 10 ಮೀಟರ್ ಹಿಂದಕ್ಕೆ ಹೋಗಿ, ಕಾರನ್ನು ಒಮ್ಮೆ ಅಲುಗಾಡಿಸಿ ಸಸ್ಪೆನ್ಷನ್ ನೆಲೆಗೊಳ್ಳಲು ಬಿಡಿ. ಈ 10 ಸೆಂ.ಮೀ. ಅಂದರೆ ಶೇ. 1ರ ಇಳಿಜಾರು. ದೀಪದ ಬಳಿಯ ಪಟ್ಟಿಯಲ್ಲಿ ಶೇ. 1.2 ಎಂದಿದ್ದರೆ 12 ಸೆಂ.ಮೀ. ಇಡಿ.

ಡಿಪ್ ಹಚ್ಚಿ, ಒಂದು ದೀಪಕ್ಕೆ ರಟ್ಟು ಅಡ್ಡ ಹಿಡಿದು ಇನ್ನೊಂದನ್ನು ಹೊಂದಿಸಿ. ಒಮ್ಮೆಗೆ ಕಾಲು ಸುತ್ತು ಸಾಕು. ಬೆಳಕಿನ ಸಮತಲ ಅಂಚು ಕೆಳಗಿನ ಟೇಪಿಗೆ, ಅದು ಮೇಲೇಳಲು ಶುರುವಾಗುವ ಮೂಲೆ ದೀಪದ ನಡುಬಿಂದುವಿನ ನೇರಕ್ಕೆ ಬರಬೇಕು. ಕೊನೆಯ ತಿರುವು ಬಿಗಿ ಮಾಡುವ ದಿಕ್ಕಿನಲ್ಲೇ ಇರಲಿ, ಇಲ್ಲವಾದರೆ ಹಲ್ಲುಗಳ ಸಡಿಲದಿಂದ ಕಾರು ಓಡುವಾಗ ಬೆಳಕು ಮತ್ತೆ ಜಾರುತ್ತದೆ.

ಸ್ಕ್ರೂ ತಿರುಗಿದರೂ ಬೆಳಕು ಕದಲದಿದ್ದರೆ ಒತ್ತಿ ತಿರುಗಿಸಬೇಡಿ. ಸಾಮಾನ್ಯವಾಗಿ ಸ್ಕ್ರೂ ತುದಿಯ ಗುಂಡು ಪ್ಲಾಸ್ಟಿಕ್ ಗೂಡಿನಿಂದ ಕಳಚಿರುತ್ತದೆ. ದೀಪ ಬಿಚ್ಚಿ ಅದನ್ನು ಟಿಕ್ ಎನ್ನುವ ತನಕ ಒಳಗೆ ಒತ್ತಬೇಕು. ಎತ್ತರವನ್ನು ತಾನೇ ಹೊಂದಿಸಿಕೊಳ್ಳುವ ದೀಪಗಳಾದರೆ ಕಾರಿನ ಕಂಪ್ಯೂಟರ್ ಜೊತೆ ಮಾತಾಡುವ ಸ್ಕ್ಯಾನರ್ ಉಪಕರಣ ಜೋಡಿಸಿ ಶೂನ್ಯದ ನೆಲೆಯನ್ನು ಮೊದಲು ದಾಖಲಿಸಿ, ಆಮೇಲೆ ಸ್ಕ್ರೂ ಮುಟ್ಟಿ.